ಸಾಲಿ ಜಾಗಾ ಯಾರದು?

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ವಿಳಾಸ ಕೇಳಿದರೆ ಮನೆ ನಂಬರನ್ನು ಯಾರೂ ಹೇಳುವುದಿಲ್ಲ. "ನಂಬರ್ ಸಾಲಿ ಅದ ಅಲ್ರೀ, ಅದರ ಹಿಂದಿನ ಗಲ್ಲಿ" ಎಂದರೆ ಆಟೋದವನಿಗೆ ಸಾಕು. ಶಾಲೆಗೆ ಇಲ್ಲಿ 'ಸಾಲಿ' ಎಂದೇ ಹೆಸರು. ಸರಕಾರಿ ಸಾಲಿಗೆ ಯಾವ ಮಹಾಪುರುಷನ ಹೆಸರಿಟ್ಟರೂ ಬಾಯಲ್ಲಿ ನಿಲ್ಲುವುದು ನಂಬರೇ. ಗಂಡುಮಕ್ಕಳ ಶಾಲೆ ನಂಬರ್ ಇಷ್ಟು, ಹೆಣ್ಣುಮಕ್ಕಳ ಶಾಲೆ ನಂಬರ್ ಇಷ್ಟು ಎಂದು ಮುಂಬಯಿ ಪ್ರಾಂತದ ಕಾಲದ ಸ್ಕೂಲ್ ಬೋರ್ಡುಗಳು ರೂಢಿಗೆ ತಂದ ಎಣಿಕೆ 1956ರ ಏಕೀಕರಣವನ್ನೂ ದಾಟಿ ಬಂದಿದೆ. ಇಲಾಖೆಯ ಫಲಕಗಳ ಬಣ್ಣ ಎಷ್ಟೋ ಸಲ ಬದಲಾಯಿತು, ನಂಬರು ಬದಲಾಗಲಿಲ್ಲ.

ಊರಿನ ಎಲ್ಲ ಹಳೆಯ ಸಾಲಿಗಳೂ ಸರಕಾರದವಲ್ಲ. ಕೆಲವು ಶಿಕ್ಷಣ ಸಂಸ್ಥೆಗಳವು, ಕೆಲವು ಮಠದವು, ಕೆಲವು ಮಿಶನ್ನಿನವು. ಇನ್ನು ಕೆಲವು ಯಾರದೋ ವಾಡೆಯ ಪಡಸಾಲೆಯಲ್ಲಿ ಬಾಡಿಗೆಗೆ ನಡೆದವು. ಓಣಿಯಲ್ಲಿ ಮಕ್ಕಳು ಕಡಿಮೆಯಾದರು. ಇದ್ದ ಮಕ್ಕಳನ್ನು ಹಳದಿ ಬಸ್ಸುಗಳು ಊರ ಹೊರಗಿನ ಇಂಗ್ಲಿಷ್ ಶಾಲೆಗಳಿಗೆ ಹೊತ್ತೊಯ್ದವು. ಬಾಗಿಲಿಗೆ ಕೀಲಿ ಬಿದ್ದ ಕಟ್ಟಡದ ಹಂಚಿನ ಮೇಲೆ ಹುಲ್ಲು ಬೆಳೆಯಿತು. ಒಂದು ದಿನ ಪಾಗಾರದ ಸುತ್ತ ತಗಡಿನ ಮರೆ ಎದ್ದು, ಎರಡು ಮತ್ತು ಮೂರು ಬೆಡ್‌ರೂಮಿನ ಫ್ಲ್ಯಾಟುಗಳ ಬಣ್ಣದ ಚಿತ್ರ ತೂಗಿತೆಂದರೆ, ಎದುರು ಮನೆಯ ಕಟ್ಟೆಯ ಮೇಲೆ ಒಂದೇ ಮಾತು: "ಸಾಲಿ ಜಾಗಾ ಮಾರ್ಲಿಕ್ಕೆ ಇವರ್ಯಾರ್ರೀ?"

ಕಾಗದ ನೋಡಿದರೆ ಉತ್ತರ ಒಂದು ಸಾಲಿನದು. ಸಿಟಿ ಸರ್ವೆಯ ಉತಾರದಲ್ಲಿ ಯಾರ ಹೆಸರಿದೆಯೋ ಅವರದೇ ಜಾಗ. ಆದರೂ ಜಗಳ ಉತಾರಕ್ಕೆ ಮುಗಿಯುವುದಿಲ್ಲ. ಹಾಗೆಂದು ಈ ಅವಳಿ ಊರಿನವರು ಕಟ್ಟಡದ ಉಪಯೋಗ ಬದಲಾಗಲೇಬಾರದು ಎನ್ನುವ ಜನವೂ ಅಲ್ಲ. ಇಲ್ಲಿಯ ಅತ್ಯಂತ ಹೆಮ್ಮೆಯ ವಿದ್ಯಾಸಂಸ್ಥೆಗಳಲ್ಲಿ ಒಂದು ನೆಲೆ ಕಂಡದ್ದೇ ಬೇರೆಯವರು ಬಿಟ್ಟುಹೋದ ಕಟ್ಟಡದಲ್ಲಿ.

ಆ ಕಥೆ ರೈಲಿನದು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಲ್ಲಿ ಕಾರ್ಖಾನೆ ಹಾಕಿತು, ಧಾರವಾಡದಲ್ಲಿ ಮುಖ್ಯ ಕಚೇರಿ ಕಟ್ಟಿತು. ಹುಬ್ಬಳ್ಳಿಗೆ ಮಸಿ ಮತ್ತು ಸಿಳ್ಳು, ಧಾರವಾಡಕ್ಕೆ ಗುಮಾಸ್ತರು ಮತ್ತು ಕಡತಗಳು: ಅವಳಿ ಊರುಗಳ ಗುಣವೇ ಆಗ ಎರಡು ಪಾಲಾಯಿತು ಎನ್ನಬೇಕು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಕೊಂಡು ಆಡಳಿತ ಮದ್ರಾಸಿಗೆ ಹೋಯಿತು. ಧಾರವಾಡದ ಭವ್ಯ ಕಚೇರಿ ಬರಿದಾಯಿತು.

ಅದೇ ಕಾಲಕ್ಕೆ ಈ ಭಾಗದ ಹುಡುಗರು ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರೂ ದ.ರಾ. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದು ಅದಕ್ಕೇ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ಜನರಿಂದ ವಂತಿಗೆ ಕೂಡಿಸಿ, ಸರಕಾರದ ಬೆನ್ನು ಹತ್ತಿ, 1917ರಲ್ಲಿ ಕರ್ನಾಟಕ ಕಾಲೇಜನ್ನು ತಂದರು. ಮುಂದೆ ಆ ಕಾಲೇಜು ಖಾಲಿ ಬಿದ್ದಿದ್ದ ರೈಲ್ವೆ ಕಚೇರಿಯನ್ನೇ ಮನೆ ಮಾಡಿಕೊಂಡಿತು. ಟಿಕೇಟು, ಸರಕು, ಸಂಬಳದ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ತರ್ಕಶಾಸ್ತ್ರ, ಸಂಸ್ಕೃತ, ಗಣಿತಗಳ ಪಾಠ ಶುರುವಾದವು. ವಿ.ಕೃ. ಗೋಕಾಕರೂ ಗಿರೀಶ ಕಾರ್ನಾಡರೂ ಆ ಕಾಲೇಜಿನ ವಿದ್ಯಾರ್ಥಿಗಳೇ.

ಕಚೇರಿ ಕಾಲೇಜಾಗಿದ್ದನ್ನು ಊರು ಹಬ್ಬದಂತೆ ಬರಮಾಡಿಕೊಂಡಿತು. ಊರಿಗೆ ಮುಚ್ಚಿದ್ದ ಬಾಗಿಲು ಊರಿಗೆ ತೆರೆದಿತ್ತು. ಸಾಲಿ ಅಪಾರ್ಟ್‌ಮೆಂಟಾಗುವಾಗ ಬಾಗಿಲು ತಿರುಗುವ ದಿಕ್ಕು ಉಲ್ಟಾ. ಇಂದಿನ ತಕರಾರುಗಳ ಬೇರು ಅಲ್ಲಿದೆ.

ಈ ಊರುಗಳಿಗೆ ಸಾಲಿ ಸಲೀಸಾಗಿ ಬಂದದ್ದೂ ಅಲ್ಲ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಇಂಗ್ಲಿಷರ ಕೈಸೇರಿದಾಗ ಕಚೇರಿಯ ಕಾಗದವೆಲ್ಲ ಮರಾಠಿ. ಸರಕಾರಿ ಶಾಲೆಗಳಲ್ಲೂ ಮರಾಠಿಯದೇ ಮೇಲುಗೈ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ಕನ್ನಡದಲ್ಲಿ ಪಾಠ ಹೇಳಿದರು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು, ಶಿಕ್ಷಣಾಧಿಕಾರಿ ರಸೆಲ್ ಸಾಹೇಬರ ಒತ್ತಾಸೆಯಿಂದ, ಕನ್ನಡ ಸೀಮೆಯ ಶಾಲೆಗಳಲ್ಲಿ ಕನ್ನಡವನ್ನು ಊರಿದರು. ಧಾರವಾಡದ ನಾರ್ಮಲ್ ಸ್ಕೂಲು, ಅಂದರೆ ಮುಂದಿನ ಟ್ರೇನಿಂಗ್ ಕಾಲೇಜು, ಕನ್ನಡ ಮಾಸ್ತರರನ್ನು ತಯಾರು ಮಾಡಿ ಹಳ್ಳಿಹಳ್ಳಿಗೆ ಕಳಿಸಿತು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ವಿದ್ಯಾವರ್ಧಕ ಸಂಘವೂ ಅದೇ ಹೊಲದ ಬೆಳೆ.

ಮಾಸ್ತರರು ಬಂದರು, ಕೂಡಲು ಜಾಗ ಬೇಕಲ್ಲ? ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆ ಬಂದರೂ ಅವುಗಳ ಬೊಕ್ಕಸ ಚಿಕ್ಕದು. ಮಠದ ಜಗಲಿ, ಗುಡಿಯ ಪೌಳಿ, ಸಾಹುಕಾರರ ವಾಡೆ, ಊರ ಚಾವಡಿಗಳಲ್ಲಿ ಮಗ್ಗಿ ಕೂಗಿ ಕೂಗಿ, ಆಮೇಲೆ ಎಲ್ಲೋ ಒಂದು ಕಡೆ ಸ್ವಂತದ ಗೋಡೆ ಎದ್ದವು. ಒಬ್ಬರು ಜಾಗ ಕೊಟ್ಟರೆ ಇನ್ನೊಬ್ಬರು ತೊಲೆ ಕೊಟ್ಟರು, ವ್ಯಾಪಾರಸ್ಥರು ವಂತಿಗೆ ಎತ್ತಿದರು. ದಾನಿಗಳ ಹೆಸರು ಇಲ್ಲಿ ಸಂಸ್ಥೆಗಳ ಇನಿಶಿಯಲ್ಲಿನಲ್ಲಿ ಅಡಗಿ ಕೂತಿರುತ್ತದೆ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಸಾವಿರಾರು ಜನರಲ್ಲಿ ಆ ಮೂರಕ್ಷರ ಬಸಪ್ಪ ವೀರಪ್ಪ ಭೂಮರಡ್ಡಿ ಎಂದು ತಡವರಿಸದೆ ಹೇಳುವವರು ಎಷ್ಟೋ! ಹೀಗೆ ಹತ್ತು ಕೈಯಿಂದ ಎದ್ದ ಗೋಡೆಗೆ ಕಾಗದದಲ್ಲಿ ಒಬ್ಬನೇ ಮಾಲೀಕ. ಕೊಟ್ಟವರ ಮೊಮ್ಮಕ್ಕಳು ಮಾತ್ರ ಅದೇ ಓಣಿಯಲ್ಲಿ ಇದ್ದಾರೆ. "ನಮ್ಮ ಅಜ್ಜ ಕೊಟ್ಟದ್ದು ಸಾಲಿಗೆ, ಫ್ಲ್ಯಾಟಿಗಲ್ಲ" ಎಂಬ ಮಾತು ಬರುವುದು ಹೀಗೆ.

ಸಾಲಿ ಎಂಬ ಕಟ್ಟಡಕ್ಕೆ ಸರಕಾರವೇ ಬೀಗ ಜಡಿದದ್ದನ್ನೂ ಹುಬ್ಬಳ್ಳಿ ಕಂಡಿದೆ. ಹಿಂದುಸ್ತಾನಿ ಸೇವಾದಳದ ಸ್ಥಾಪಕ ಡಾ. ನಾ.ಸು. ಹರ್ಡೀಕರರ ಬಳಗ ನಡೆಸುತ್ತಿದ್ದ ತಿಲಕ ಕನ್ಯಾ ಶಾಲೆಯ ಹೊಣೆ ಹೊತ್ತಿದ್ದವರು ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅವರನ್ನು ಸಾರ್ವಜನಿಕ ಕೆಲಸಕ್ಕೆ ಕೈಹಿಡಿದು ಕರೆತಂದವರು ಮಾವ ಆನಂದರಾಯರು. ಕರ್ನಾಟಕ ಪ್ರೆಸ್ ಅವರದೇ. 1932ರ ಚಳವಳಿಯಲ್ಲಿ ಉಮಾಬಾಯಿ ಬಂಧನಕ್ಕೊಳಗಾಗಿ ನಾಲ್ಕು ತಿಂಗಳು ಯೆರವಡಾ ಜೈಲಿನಲ್ಲಿದ್ದರು. ಹೊರಗೆ ಬಂದು ನೋಡಿದರೆ ಪ್ರೆಸ್ ಮುಟ್ಟುಗೋಲಾಗಿತ್ತು, ಸಾಲಿಗೆ ಸೀಲು ಬಿದ್ದಿತ್ತು, ಅವರು ಕಟ್ಟಿದ ಭಗಿನಿ ಮಂಡಲ ಕಾನೂನುಬಾಹಿರ ಎಂದು ಘೋಷಣೆಯಾಗಿತ್ತು. ಹುಡುಗಿಯರು ಓದುವ ನಾಲ್ಕು ಕೋಣೆಗೆ ಆಳುವವರು ಅಷ್ಟು ಹೆದರಿದ್ದರು ಎಂದರೆ ಊರಿನ ಬಾಳಿನಲ್ಲಿ ಸಾಲಿಯ ಜಾಗ ಎಂಥದಿತ್ತು ಎಂದು ತಿಳಿಯಬಹುದು.

ಹಳೆಯ ಸಾಲಿಯ ಒಳಹೊಕ್ಕು ನೋಡಿದರೆ ಅದು ಬಹಳ ಮಾತಾಡುತ್ತದೆ. ಉದ್ದಕ್ಕೆ ಒಂದು ವರಾಂಡ, ಅದಕ್ಕೆ ಸಾಗವಾನಿ ಕಂಬ, ಒಳಗೆ ಸಾಲಾಗಿ ಕೋಣೆಗಳು. ಗೋಡೆ ಒಂದೂವರೆ-ಎರಡು ಅಡಿ ದಪ್ಪ; ಒಳಗೆ ಕಲ್ಲು ಮತ್ತು ಮಣ್ಣು, ಮೇಲೆ ಸುಣ್ಣದ ಗಿಲಾಯ. ನೆಲಕ್ಕೆ ಶಹಾಬಾದಿ ಫರಸಿ, ಮಕ್ಕಳ ಕಾಲು ಉಜ್ಜಿ ಉಜ್ಜಿ ನಡುವೆ ಕನ್ನಡಿಯಂತಾದದ್ದು. ತಲೆಯ ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಹಂಚು ಘಟ್ಟ ಹತ್ತಿ ಬಂದು, ಮಣ್ಣಿನ ಮೇಲ್ಮುದ್ದೆಯ ಮನೆಗಳ ನಡುವೆ ಕೆಂಪಗೆ ಎದ್ದು ಕಂಡಿತು. ಒಂದು ಹಂಚು ತೆಗೆದು ಅಂಗಾತ ಹಾಕಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಇವತ್ತಿಗೂ ಓದಲು ಬರುತ್ತದೆ.

ವರಾಂಡದ ತೊಲೆಗೆ ಒಂದು ಮೊಳ ಉದ್ದದ ರೈಲು ಹಳಿಯ ತುಂಡು ತೂಗುತ್ತದೆ. ಅದೇ ಗಂಟೆ. ರೈಲ್ವೆ ಊರಿನಲ್ಲಿ ಹಳಿಗೆ ಬರವಿಲ್ಲ. ಸಿಪಾಯಿ ಕಬ್ಬಿಣದ ಸರಳಿನಿಂದ ಬಾರಿಸಿದರೆ ಓಣಿಯ ಕೊನೆಯ ಮನೆಯವರೆಗೂ ಠಣ್ ಎಂದು ಕೇಳುತ್ತಿತ್ತು. ಗಡಿಯಾರ ಇಲ್ಲದ ಮನೆಗಳು ಅದರ ಲೆಕ್ಕಕ್ಕೇ ಒಲೆ ಹೊತ್ತಿಸಿದವು, ಡಬ್ಬಿ ಕಟ್ಟಿದವು. ಕಡೆಯ ಗಂಟೆ ಹೊಡೆದ ಮೇಲೆ ಸಾಲಿಯ ಅಂಗಳ ಓಣಿಯದಾಗುತ್ತಿತ್ತು. ಗೇಟಿಗೆ ಕೀಲಿ ಇದ್ದರೂ ಪಾಗಾರದಲ್ಲಿ ಒಂದು ಕಿಂಡಿ ಇದ್ದೇ ಇರುತ್ತದೆ. ಹುಡುಗರ ಚಿನ್ನಿದಾಂಡು, ಕಬಡ್ಡಿ, ಕ್ರಿಕೆಟ್ಟು ಅಲ್ಲಿ. ಶ್ಯಾವಿಗೆ ಒಣಗಿಸುವ ಚಾಪೆ ಅಲ್ಲಿ. ಚುನಾವಣೆ ಬಂದರೆ ಮತಗಟ್ಟೆ ಅಲ್ಲಿ. ಮಳೆಗಾಲದಲ್ಲಿ ಗೋಡೆ ಬಿದ್ದ ಮನೆಯವರು ನಾಲ್ಕು ದಿನ ಆಸರೆ ಪಡೆದದ್ದೂ ಅಲ್ಲಿ.

ಇದೆಲ್ಲಕ್ಕೆ ಕಾಯ್ದೆ ಏನೆನ್ನುತ್ತದೆ? ಕೇಳಿದರೆ ಮನಸ್ಸಿಗೆ ಬೇಜಾರಾಗುವ ಉತ್ತರ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಮುಂಬಯಿ ಪ್ರಾಂತಕ್ಕೆ, ಅಂದರೆ ಧಾರವಾಡ ಜಿಲ್ಲೆಗೂ, 1891ರಲ್ಲಿ ಬಂತು. ಅಕ್ಕಪಕ್ಕದವರ ಜಗಳಗಳಿಗೆ ಇವತ್ತಿಗೂ ಅದೇ ಮೂಲಗ್ರಂಥ. ಅದರ ಲೆಕ್ಕದಲ್ಲಿ, ಮಾಲೀಕ ಸುಮ್ಮನಿದ್ದ ಎಂಬ ಕಾರಣಕ್ಕೆ ಮಕ್ಕಳು ಐವತ್ತು ವರ್ಷ ಅಂಗಳದಲ್ಲಿ ಆಡಿದ್ದರೆ ಅದು ಬಹುತೇಕ ಬರೀ ಪರವಾನಗಿ. ಕೊಟ್ಟವನು ಬೇಕೆಂದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. ಚಿನ್ನಿದಾಂಡಿಗೆ ಹಕ್ಕಿಲ್ಲ.

ಬೆಳಕಿಗೆ ಮತ್ತು ಗಾಳಿಗೆ ಮಾತ್ರ ಹಕ್ಕು ಉಂಟು. ಒಂದು ಮನೆಯ ಕಿಟಕಿಗೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬೆಳಕು ಬಂದಿದ್ದರೆ ಪಕ್ಕದವನು ಗೋಡೆ ಎಬ್ಬಿಸಿ ಅದನ್ನು ಮುಚ್ಚುವಂತಿಲ್ಲ ಎನ್ನುತ್ತದೆ ಹದಿನೈದನೆಯ ಕಲಮು. ಆದರೆ ಕೊಂಚ ನೆರಳು ಬಿದ್ದರೆ ಸಾಲದು, ನಷ್ಟ ಗಣನೀಯವಾಗಿರಬೇಕು. ಬೆಳಕಿಂಡಿಯಿಂದಲೇ ಹಗಲು ಕಾಣುವ ನಡುಮನೆಗಳ ಓಣಿಯಲ್ಲಿ ಈ ಕಲಮಿಗೆ ತೂಕ ಹೆಚ್ಚು. ಸಾಲಿ ಒಂದು ಮಜಲಿನದು, ಅದರ ಹಂಚಿನ ಇಳಿಜಾರಿನ ಮೇಲಿಂದ ಬಿಸಿಲು ಪಕ್ಕದ ಹಿತ್ತಲಿಗೆ ಇಳಿಯುತ್ತಿತ್ತು. ಅಲ್ಲಿ ಐದು ಮಜಲು ಎದ್ದರೆ ಹಪ್ಪಳ ಒಣಗುವುದು ಎಲ್ಲಿ?

ಅದೇ ಕಾಯ್ದೆಯ ಹದಿನೆಂಟನೆಯ ಕಲಮಿನಲ್ಲಿ ಇನ್ನೂ ಸ್ವಾರಸ್ಯದ ಉದಾಹರಣೆಯೊಂದಿದೆ. ಒಂದು ಊರಿನ ರೂಢಿಯಂತೆ, ನೆರೆಮನೆಯ ಮರೆಯನ್ನು ಕೆಡಿಸುವ ಹಾಗೆ ಯಾರೂ ಹೊಸ ಕಿಟಕಿ ತೆಗೆಯಬಾರದು ಎಂದಿದ್ದರೆ, ಆ ರೂಢಿಯೇ ಹಕ್ಕಾಗುತ್ತದೆ ಎಂದು ಅದು ಹೇಳುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದನ್ನು ಬರೆದವರಿಗೆ ಹಿಂದುಸ್ತಾನದ ಹಿತ್ತಲು ಗೊತ್ತಿತ್ತು. ಬಚ್ಚಲಿಗೆ ಹೋಗುವ ದಾರಿ, ಹೆಂಗಸರು ಕೂತು ಮಾತಾಡುವ ಹಿಂಬಾಗಿಲ ಮೆಟ್ಟಿಲು, ಒಗೆದ ಬಟ್ಟೆಯ ಹಗ್ಗ, ಎಲ್ಲವೂ ಹಿತ್ತಲಲ್ಲೇ. ಸಾಲಿಯ ಕಿಟಕಿಗಳು ಎತ್ತರದಲ್ಲಿದ್ದವು, ಸಂಜೆ ಐದರ ಮೇಲೆ ಅಲ್ಲಿ ಕಣ್ಣೇ ಇರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಸಂಜೆ ಐದರ ಮೇಲೇ ಜೀವ ಬರುತ್ತದೆ. "ಹಿತ್ತಲದಾಗ ಹೊಂಟ್ರ ಇಪ್ಪತ್ತು ಮನಿಯಾವ್ರು ನೋಡ್ತಾರ" ಎಂಬ ದೂರು ಕೋರ್ಟಿನ ಭಾಷೆಗೆ ಬರುವಾಗ 'ಖಾಸಗಿತನದ ಉಲ್ಲಂಘನೆ' ಎಂದು ಶಾಲು ಹೊದ್ದುಕೊಳ್ಳುತ್ತದೆ. ಆದರೆ ಅಂಥ ರೂಢಿ ತಮ್ಮ ಊರಿನಲ್ಲಿ ಇತ್ತು ಎಂದು ಸಾಬೀತು ಮಾಡುವ ಭಾರ ದೂರಿದವರದ್ದೇ.

ಮಾರುವವರಿಗೂ ಕಾಯ್ದೆಯ ಕಟ್ಟುಪಾಡು ಉಂಟು. ಸಾಲಿ ಒಂದು ಟ್ರಸ್ಟಿನದಾಗಿದ್ದರೆ ಟ್ರಸ್ಟಿಗಳು ಮಾಲೀಕರಲ್ಲ, ಕಾವಲುಗಾರರು. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯ 36ನೆಯ ಕಲಮು ಟ್ರಸ್ಟಿನ ಸ್ಥಿರಾಸ್ತಿ ಮಾರಲು, ಮೂರು ವರ್ಷ ಮೀರಿ ಕಟ್ಟಡ ಲೀಜಿಗೆ ಕೊಡಲು ಚಾರಿಟಿ ಕಮಿಶನರರ ಮುಂಗಡ ಮಂಜೂರಿ ಬೇಕು ಎಂದಿತು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಮುಂಬಯಿ ಕರ್ನಾಟಕದ ಜಿಲ್ಲೆಗಳಲ್ಲಿ ಆ ಕಾಯ್ದೆ ಬಹುಕಾಲ ನಡೆಯಿತು. ಊರಿನ ಹಿರಿಯರ ಬಾಯಲ್ಲಿ 'ಚಾರಿಟಿ ಕಮಿಶನರ್' ಎಂಬ ಶಬ್ದ ಇನ್ನೂ ಉಳಿದಿರುವುದು ಅದರಿಂದಲೇ. ಇದಲ್ಲದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿದೆ. ಸಾರ್ವಜನಿಕ ಟ್ರಸ್ಟು ದಾರಿ ತಪ್ಪಿದೆ ಎನಿಸಿದರೆ ಅದರಲ್ಲಿ ಆಸ್ಥೆಯುಳ್ಳ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ದಾನಿಯ ಮೊಮ್ಮಗ ಮತ್ತು ಹಳೆಯ ವಿದ್ಯಾರ್ಥಿಗೆ ಬಾಗಿಲು ತೆರೆಯುವುದು ಇಲ್ಲಿ. ಈಸ್‌ಮೆಂಟಿನಲ್ಲಿ ಓಣಿಯವನು ಬರೀ ಪಕ್ಕದ ಮನೆಯವನು, ಇಲ್ಲಿ ಅವನ ಅಜ್ಜನ ವಂತಿಗೆಗೂ ಒಂದು ಮಾತು ಆಡಲು ಅವಕಾಶವಿದೆ.

ಮೂರನೆಯ ಬಾಗಿಲು ನಕಾಶೆಯದು. ಊರು ಹೇಗೆ ಬೆಳೆಯಬೇಕೆಂದು ಕಾಯ್ದೆಯಿಂದ ಹೇಳುವುದು ಈ ಭಾಗಕ್ಕೆ ಹೊಸತಲ್ಲ. ನಗರ ಯೋಜನೆಗೆಂದೇ ದೇಶದಲ್ಲಿ ಮೊದಲು ಕಾಯ್ದೆ ಮಾಡಿದ್ದು ಮುಂಬಯಿ ಪ್ರಾಂತ, 1915ರಲ್ಲಿ. ಈಗ ನಡೆಯುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. 1962ರಲ್ಲಿ ಎರಡು ಪುರಸಭೆಗಳನ್ನು ಕೂಡಿಸಿ ಮಹಾನಗರಪಾಲಿಕೆ ಮಾಡಿದ ಈ ಊರಿನ ಮಾಸ್ಟರ್ ಪ್ಲಾನಿನಲ್ಲಿ ಶಾಲೆಯ ಜಾಗಕ್ಕೆ ವಸತಿಯ ಬಣ್ಣ ಅಲ್ಲ, ಸಾರ್ವಜನಿಕ ಉಪಯೋಗದ ಬಣ್ಣ. ಬಣ್ಣ ಬದಲಿಸಬೇಕಾದರೆ ಅದು ಸಾರ್ವಜನಿಕ ಹಿತಕ್ಕೆ ಎಂದು ತೋರಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ತಕರಾರು ಕೇಳಬೇಕು. ಸಣ್ಣ ಅಕ್ಷರದ ಆ ಪ್ರಕಟಣೆ ಶೋಕ ಸಂದೇಶ ಮತ್ತು ಹೆಸರು ಬದಲಾವಣೆಯ ಜಾಹೀರಾತಿನ ನಡುವೆ ಬಂದರೆ ಯಾರ ಕಣ್ಣಿಗೆ ಬೀಳಬೇಕು? ಬೀಳುವುದು ಸಾಮಾನ್ಯವಾಗಿ ನಿವೃತ್ತ ಮಾಸ್ತರರೊಬ್ಬರ ಕಣ್ಣಿಗೆ.

ತಕರಾರು ಅರ್ಜಿಯ ಭಾಷೆಯೇ ಒಂದು ಅಧ್ಯಯನಕ್ಕೆ ಯೋಗ್ಯ. ಮನೆಯ ಕಟ್ಟೆಯ ಮೇಲೆ ಮಾತಾಡುವಾಗ ಬರುವುದು ಅಜ್ಜ, ಮಾಸ್ತರರ ಬೆತ್ತ, ಧ್ವಜದ ಕಟ್ಟೆ, ಬೇವಿನ ಗಿಡ. ಅರ್ಜಿ ಬರೆಯಲು ಕೂತಾಗ ಬರುವುದು ಒಳಚರಂಡಿಯ ಪೈಪಿನ ಅಗಲ, ಅಗ್ನಿಶಾಮಕ ವಾಹನ ತಿರುಗಲು ಬೇಕಾದ ರಸ್ತೆ, ಪಾರ್ಕಿಂಗು, ಬೋರ್‌ವೆಲ್ಲು, ಸೆಟ್‌ಬ್ಯಾಕು. ವಕೀಲರು ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಇಡುತ್ತಾರೆ, ಅದು ಅವರ ವೃತ್ತಿಜ್ಞಾನ. ಹೀಗೆ ಸಾಲಿ ಹೋಗುತ್ತದೆಂಬ ಸಂಕಟ ಚರಂಡಿಯ ಸಂಕಟವಾಗಿ ಕಡತ ಸೇರುತ್ತದೆ. ಬಿಲ್ಡರ್ ದಪ್ಪನೆಯ ಪೈಪು ಹಾಕಿಸಿಕೊಡುತ್ತೇನೆ ಎಂದರೆ ಅರ್ಜಿಗೆ ಉತ್ತರ ಸಿಕ್ಕಂತೆ, ಅರ್ಜಿದಾರನಿಗಲ್ಲ.

ಚರಂಡಿ, ನೀರುಗಳ ಮಾತು ಬರೀ ನೆಪ ಎನ್ನುವುದೂ ತಪ್ಪು. ಮಲಪ್ರಭೆ ಮತ್ತು ನೀರಸಾಗರದ ನೀರನ್ನು ನೆಚ್ಚಿದ ಈ ಊರಿನ ಬಹಳಷ್ಟು ಓಣಿಗಳು ವರ್ಷಾನುಗಟ್ಟಲೆ ಐದು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ಬರುವ ನಳದ ಲೆಕ್ಕದಲ್ಲಿ ಬದುಕಿವೆ. ಕೆಲವು ವಾರ್ಡುಗಳಲ್ಲಿ 24 ತಾಸು ನೀರಿನ ಪ್ರಯೋಗ ನಡೆದು ಹೆಸರಾದರೂ, ಉಳಿದ ಕಡೆ "ನೀರು ಬಂತೇನ್ರಿ?" ಎಂಬುದೇ ಬೆಳಗಿನ ನಮಸ್ಕಾರ. ಮಕ್ಕಳು ಮನೆಯಿಂದಲೇ ಬಾಟಲಿ ತರುತ್ತಿದ್ದ ಜಾಗಕ್ಕೆ ಮೂವತ್ತು ಸಂಸಾರ ಬಂದು, ಆರುನೂರು ಅಡಿಗೆ ಬೋರು ಇಳಿಸಿದರೆ ಪಕ್ಕದ ಹಳೆಯ ಬಾವಿಯ ಗತಿಯೇನು ಎಂದು ಕೇಳುವುದು ನ್ಯಾಯ.

ನೆಲದ ಗುಣವೂ ಇದೆ. ಧಾರವಾಡ ಅರೆಮಲೆನಾಡಿನ ಸೆರಗು. ಹುಬ್ಬಳ್ಳಿಯಿಂದ ಮೂಡಣಕ್ಕೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಮಣ್ಣಿನ ಗಾರೆಯಲ್ಲಿ ಕಲ್ಲು ಇಟ್ಟು ಕಟ್ಟಿದ ನೂರು ವರ್ಷದ ಗೋಡೆಯ ಪಕ್ಕದಲ್ಲಿ ಬೇಸ್‌ಮೆಂಟಿಗೆಂದು ಹದಿನೈದು ಅಡಿ ಅಗೆದು, ಅಷ್ಟರಲ್ಲಿ ಮುಂಗಾರು ಹಿಡಿದರೆ, ಗೋಡೆಯಲ್ಲಿ ಮೊದಲು ಕೂದಲೆಳೆ ಬಿರುಕು, ಆಮೇಲೆ ಬೆರಳು ತೂರುವ ಬಿರುಕು. 2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಜಲು ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರು. ಅವಶೇಷದಡಿಯಿಂದ ಜನರನ್ನು ತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಅದು ಶಾಲೆಯ ಜಾಗವಲ್ಲ, ಕಥೆಯೇ ಬೇರೆ. ಆದರೆ ಆ ವಾರದ ನಂತರ ಈ ಊರಿನಲ್ಲಿ ಪಕ್ಕದ ಸೈಟಿನ ಪಿಲ್ಲರನ್ನು ಜನ ನೋಡುವ ಕಣ್ಣು ಮೊದಲಿನಂತಿಲ್ಲ.

ಜಗಳ ಹೈಕೋರ್ಟಿಗೆ ಹೋಗುವುದೂ ಸುಲಭವಾಗಿದೆ. ಹಿಂದೆ ರಿಟ್ ಹಾಕಬೇಕೆಂದರೆ ರಾತ್ರಿ ಬಂಡಿ ಹತ್ತಿ ಬೆಂಗಳೂರಿಗೆ ಹೋಗಿ, ಲಾಡ್ಜು ಹಿಡಿದು, ದಿನಾಂಕ ಮುಂದೆ ಹೋದದ್ದು ಕೇಳಿಕೊಂಡು ವಾಪಸು ಬರಬೇಕಿತ್ತು. 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಗಿ, 2013ರ ಆಗಸ್ಟಿನಲ್ಲಿ ಕಾಯಂ ಆಯಿತು. ಈಗ ತಡೆಯಾಜ್ಞೆ ಸಿಟಿ ಬಸ್ಸಿನ ದೂರದಲ್ಲಿದೆ. ಬಿಲ್ಡರಿಗೂ ಅಷ್ಟೇ ದೂರ.

ಇನ್ನು, 'ಊರಿನ ಸ್ವತ್ತಾಗಿ ಉಳಿಸಿ' ಎನ್ನುವುದರಿಂದಲೇ ಕಟ್ಟಡ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಧಾರವಾಡದ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಟ್ಟಿದ ಮನೆಯನ್ನು ಸರಕಾರ ಸ್ಮಾರಕ ಮಾಡಿತು. ನೋಡಿಕೊಳ್ಳುವವರಿಲ್ಲದೆ ಅದು ಮಳೆಗೆ ಸೋರಿ ಹಾಳಾದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಉಳಿಸಿರೆಂದು ಅರ್ಜಿಗೆ ಸಹಿ ಮಾಡುವ ಕೈಗಳು ನೂರಿದ್ದರೆ, ವರ್ಷಾ ವರ್ಷಾ ಹಂಚು ಕೈಯಾಡಿಸಲು ಹಣ ಕೊಡುವ ಕೈಗಳು ಎಷ್ಟಿರುತ್ತವೆ? ಮಾರಲು ಹೊರಟ ಆಡಳಿತ ಮಂಡಳಿಗಳು ಕೇಳುವ ಪ್ರಶ್ನೆ ಇದು, ಸುಳ್ಳು ಪ್ರಶ್ನೆಯೂ ಅಲ್ಲ.

ರಾಜ್ಯದಲ್ಲಿ ಇಂಥ ಜಗಳಗಳ ಪೈಕಿ ಬಹಳ ಕಾಲ ಕಾವೇರಿದ್ದು ಮೈಸೂರಿನ ಎನ್‌ಟಿಎಂ ಶಾಲೆಯದು. ಅರಮನೆಯ ಆಶ್ರಯದಲ್ಲಿ ಹೆಣ್ಣುಮಕ್ಕಳ ವಿದ್ಯೆಗೆಂದು 1881ರಲ್ಲಿ ಹುಟ್ಟಿದ ಮಹಾರಾಣಿ ಶಾಲೆಯ ಪರಂಪರೆ ಅದರದು. ಅದರ ಬಳಿಯೇ ಇರುವ ನಿರಂಜನ ಮಠದಲ್ಲಿ ಸ್ವಾಮಿ ವಿವೇಕಾನಂದರು 1892ರಲ್ಲಿ ತಂಗಿದ್ದರು ಎಂಬ ನೆನಪಿಗೆ ಸ್ಮಾರಕ ಕಟ್ಟಲು ಶಾಲೆಯ ಜಾಗವನ್ನು ರಾಮಕೃಷ್ಣ ಆಶ್ರಮಕ್ಕೆ ಕೊಡಲು ಸರಕಾರ 2013ರಲ್ಲಿ ಮುಂದಾಯಿತು. ಸಾಹಿತಿಗಳು, ಕನ್ನಡಪರರು, ಹಳೆಯ ವಿದ್ಯಾರ್ಥಿಗಳು ಶಾಲೆಯ ಬಾಗಿಲಲ್ಲಿ ಕೂತರು. ಆಶ್ರಮದ ಬೆಂಬಲಿಗರಿಗೂ ಅವರ ವಾದವಿತ್ತು: ಮಕ್ಕಳನ್ನು ಪಕ್ಕದ ಶಾಲೆಗೆ ಕಳಿಸಬಹುದು, ವಿವೇಕಾನಂದರು ತಂಗಿದ ಜಾಗವನ್ನು ಬೇರೆ ಕಡೆ ಮಾಡಲಾಗದು. ಧರಣಿ, ಕೋರ್ಟು, ಮತ್ತೆ ಧರಣಿ ಎಂದು ವರ್ಷಗಳು ಉರುಳಿ 2022ರ ಫೆಬ್ರುವರಿಯಲ್ಲಿ ಹಳೆಯ ಕಟ್ಟಡ ನೆಲಕ್ಕೆ ಬಿತ್ತು. ಅಲ್ಲಿ ಬಂದದ್ದು ಅಪಾರ್ಟ್‌ಮೆಂಟಲ್ಲ, ಅದೂ ಜನರಿಗೆಂದೇ ಕಟ್ಟುವ ಸ್ಮಾರಕ. ಅಷ್ಟಿದ್ದೂ ಸಾಲಿಯ ಜಾಗಕ್ಕೆ ಅಷ್ಟು ನೋವಾಯಿತು.

ಈ ಜಗಳ ಕನ್ನಡ ನಾಡಿನದು ಮಾತ್ರವೂ ಅಲ್ಲ. ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿ 1906ರಲ್ಲಿ ಮುಗಿದ ಪಬ್ಲಿಕ್ ಸ್ಕೂಲ್ 64 ಎಂಬ ಐದು ಮಜಲಿನ ಸಾಲಿ ಇದೆ. ಅಲ್ಲೂ ನಂಬರೇ ಹೆಸರು. 1977ರಲ್ಲಿ ಪಾಠ ನಿಂತ ಮೇಲೆ ಓಣಿಯ ಜನ ಅದನ್ನು ನಾಟಕ, ಚಿತ್ರಕಲೆಗಳ ಸಮುದಾಯ ಭವನ ಮಾಡಿಕೊಂಡರು. 1998ರಲ್ಲಿ ನಗರಾಡಳಿತ ಅದನ್ನು 31.5 ಲಕ್ಷ ಡಾಲರಿಗೆ ಹರಾಜಿನಲ್ಲಿ ಒಬ್ಬ ಬಿಲ್ಡರಿಗೆ ಮಾರಿತು, 2001ರಲ್ಲಿ ಸಮುದಾಯ ಭವನದವರನ್ನು ಹೊರಹಾಕಲಾಯಿತು. ಬಿಲ್ಡರಿಗೆ ಅದನ್ನು ವಿದ್ಯಾರ್ಥಿಗಳ ವಸತಿ ಮಾಡಬೇಕಿತ್ತು, ನೆರೆಹೊರೆಯವರು ಬಿಡಲಿಲ್ಲ. 2006ರಲ್ಲಿ ಅದಕ್ಕೆ ಪಾರಂಪರಿಕ ಕಟ್ಟಡದ ಪಟ್ಟ ಸಿಕ್ಕಿತು. ವಸತಿಯೂ ಆಗಲಿಲ್ಲ, ಭವನವೂ ಮರಳಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದು ಕಿಟಕಿಗೆ ಹಲಗೆ ಬಡಿದುಕೊಂಡು ನಿಂತಿತು. ಲಂಡನ್ನಿನದು ಬೇರೆ ದಾರಿ. 1870ರ ಶಿಕ್ಷಣ ಕಾಯ್ದೆಯ ಮೇಲೆ ಅಲ್ಲಿಯ ಸ್ಕೂಲ್ ಬೋರ್ಡು ಕಟ್ಟಿಸಿದ ಎತ್ತರದ ಇಟ್ಟಿಗೆಯ ಸಾಲಿಗಳಲ್ಲಿ ಎಷ್ಟೋ ಈಗ ಫ್ಲ್ಯಾಟುಗಳಾಗಿವೆ. ಹೊರಗೋಡೆ ಹಾಗೇ ಇದೆ. ಹುಡುಗರು ಇತ್ತ, ಹುಡುಗಿಯರು ಅತ್ತ ಎಂದು ಕಲ್ಲಿನಲ್ಲಿ ಕೆತ್ತಿದ ಬಾಗಿಲುಗಳಿಂದ ಈಗ ಸಂಸಾರಸ್ಥರು ಓಡಾಡುತ್ತಾರೆ.

ಹುಬ್ಬಳ್ಳಿ-ಧಾರವಾಡದ ಸಾಲಿಗೆ ಆ ದಾರಿ ಕಷ್ಟ. ಇಲ್ಲಿಯದು ಒಂದು ಮಜಲು, ಕಲ್ಲು-ಮಣ್ಣಿನ ಗೋಡೆ, ಹಂಚಿನ ಮಾಡು. ಅದರೊಳಗೆ ಮೂವತ್ತು ಸಂಸಾರ ಹಿಡಿಯುವುದಿಲ್ಲ. ಬಿಲ್ಡರಿಗೆ ಬೇಕಾದದ್ದು ಕಟ್ಟಡವಲ್ಲ, ಅಂಗಳ. ಓಣಿಗೂ ಬೇಕಾದದ್ದು ಅದೇ.

ತಡೆಯಾಜ್ಞೆ ಸಿಗದಿದ್ದರೆ ಮುಂದಿನ ಕೆಲಸ ಬೇಗ ಬೇಗ ನಡೆಯುತ್ತದೆ. ಕೆಡವುವ ಗುತ್ತಿಗೆದಾರ ಬಂದು ಯಾದಿ ಬರೆಯುತ್ತಾನೆ. ಸಾಗವಾನಿ ತೊಲೆ, ಕಂಬ, ಚೌಕಟ್ಟು: ಘನ ಅಡಿಯ ಲೆಕ್ಕ. ಮಂಗಳೂರು ಹಂಚು: ಒಡೆಯದವು ಸಾವಿರಕ್ಕೆ ಇಷ್ಟು. ಶಹಾಬಾದಿ ಫರಸಿ: ಚದರ ಅಡಿ. ಕರಿಹಲಗೆಗೆ ಬೆಲೆ ಇಲ್ಲ, ಅದು ಗೋಡೆಗೆ ಬಳಿದ ಸಿಮೆಂಟು. ಕಿಟಕಿಯ ಸರಳು, ಗೇಟು, ಧ್ವಜದ ಕೊಳವೆ, ವರಾಂಡದಲ್ಲಿ ತೂಗುವ ಹಳಿಯ ತುಂಡು, ಇವೆಲ್ಲ ಒಟ್ಟಿಗೆ ಕಬ್ಬಿಣದ ಸಾಲಿನಲ್ಲಿ, ಕಿಲೋದ ಲೆಕ್ಕ.